ವ್ಯಾನಿನ ಕೆಳಗೆ ಮಲಗಿದರೆ ಗಡೀಪಾರು ನಿಲ್ಲುತ್ತಾ?

ಮಂಡ್ಯದ ಗೆಳೆಯನೊಬ್ಬ ಒಂದು ವಿಡಿಯೋ ಕಳಿಸಿದ್ದ. ಹಳೆಯದು, 2021ರ ಮೇ 13ರದ್ದು. ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದ ಕೆನ್‌ಮ್ಯೂರ್ ಸ್ಟ್ರೀಟ್ ಅನ್ನೋ ಬೀದಿ. ನಡುವೆ ವಲಸೆ ಇಲಾಖೆಯ ವ್ಯಾನು ನಿಂತಿದೆ, ಸುತ್ತ ನೂರಾರು ಜನ ರಸ್ತೆ ಮೇಲೆ ಕೂತಿದ್ದಾರೆ, ಒಬ್ಬ ಮಾತ್ರ ಸೀದಾ ವ್ಯಾನಿನ ಕೆಳಗೇ ತೂರಿ ಮಲಗಿಬಿಟ್ಟಿದ್ದಾನೆ. ಒಳಗಿರೋರು ನಮ್ಮ ಅಕ್ಕಪಕ್ಕದ ಮನೆಯವರು, ಬಿಡಿ ಅಂತ ಕೂಗು. ಅವತ್ತು ಈದ್ ಹಬ್ಬ ಬೇರೆ. ಸುಮಾರು ಎಂಟು ಗಂಟೆ ಹೀಗೇ ನಡೆದು, ಕೊನೆಗೆ ಪೊಲೀಸರು ಒಳಗಿದ್ದ ಇಬ್ಬರನ್ನೂ ಕೆಳಗಿಳಿಸಿ ಕಳಿಸಿದರು. ಆ ಇಬ್ಬರೂ ಭಾರತದವರು.

ಗೆಳೆಯನ ಪ್ರಶ್ನೆ ಒಂದೇ ಸಾಲಿನದು. "ಹಿಂಗೆ ಮಲ್ಕಂಡ್ರೆ ನಿಂತೋಯ್ತದಾ?"

ಅವತ್ತಿನ ಮಟ್ಟಿಗೆ ನಿಲ್ಲುತ್ತದೆ ಅಂದೆ. ಅವನಿಗೆ ಸಮಾಧಾನ ಆಗಲಿಲ್ಲ. ಇವನಿಗೆ ಮೈಸೂರಿನಲ್ಲಿ, ಮಾನಸಗಂಗೋತ್ರಿಯಿಂದ ಹೆಚ್ಚು ದೂರವಿಲ್ಲದ ಕಡೆ, ಬಾಡಿಗೆಗೆ ಕೊಡುವ ಒಂದು ಮನೆ ಇದೆ. ಫಾರಿನ್ ಹುಡುಗರಿಗೆ ಕೊಡಲ್ಲ, ರಿಸ್ಕ್ ಅನ್ನುವವನು. ಅವನಿಗೆ ಫೋನಿನಲ್ಲಿ ಒಂದು ಗಂಟೆ ವಿವರಿಸಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ, ಸ್ವಲ್ಪ ಜಾಸ್ತಿ ಸೇರಿಸಿ.

ಮೊದಲು ಪದಗಳ ಗೋಜಲು ಬಿಡಿಸೋಣ, ಯಾಕಂದ್ರೆ ಕನ್ನಡದಲ್ಲಿ ಇದು ನಿಜಕ್ಕೂ ಗೋಜಲೇ. ಗಡೀಪಾರು ಅಂದರೆ ನಮಗೆ ನೆನಪಾಗೋದು ರೌಡಿ ಶೀಟರ್. ಎಲೆಕ್ಷನ್ ಬಂತು ಅಂದ್ರೆ ಇಲ್ಲಿಯವನನ್ನು ಬೇರೆ ಜಿಲ್ಲೆಗೆ ಕಳಿಸುತ್ತಾರೆ, ಅವಧಿ ಮುಗಿದ ಮೇಲೆ ಅವನು ವಾಪಸ್ ಬರುತ್ತಾನೆ. ದೇಶದಿಂದ ಗಡೀಪಾರು ಅನ್ನೋದು ಹಾಗಲ್ಲ. ವಿದೇಶಿಯನ್ನು ಅವನ ದೇಶಕ್ಕೇ ವಾಪಸ್ ಕಳಿಸುವುದು, ಓಡಿ ಬಂದವನಾದರೆ ಯಾವ ಊರಿಂದ ಜೀವ ಉಳಿಸಿಕೊಂಡು ಬಂದಿದ್ದನೋ ಅದೇ ಊರಿಗೆ ಕೂರಿಸಿ ಕಳಿಸುವುದು. ಇನ್ನು ನಿರಾಶ್ರಿತರು ಅನ್ನೋ ಪದ. ಯುದ್ಧದಿಂದ ಓಡಿ ಬಂದವರಿಗೂ ಅದೇ, ಅಣೆಕಟ್ಟಿಗೆ ಜಮೀನು ಕಳೆದುಕೊಂಡವರಿಗೂ ಅದೇ, ಭಿಕ್ಷುಕರನ್ನು ಹಿಡಿದು ಇಡುವ ಸರ್ಕಾರಿ ಜಾಗಕ್ಕೂ ನಾವು ನಿರಾಶ್ರಿತರ ಪರಿಹಾರ ಕೇಂದ್ರ ಅಂತಲೇ ಬೋರ್ಡ್ ಹಾಕಿದ್ದೇವೆ. ಕೇಳಿದ ತಕ್ಷಣ ಮನಸ್ಸಿಗೆ ಬರೋದು ಕೈಚಾಚಿದವರ ಚಿತ್ರ. ಓಡಿ ಬಂದವರಲ್ಲಿ ಡಾಕ್ಟರು, ಮೇಷ್ಟ್ರು, ಪತ್ರಕರ್ತರು ಇರುತ್ತಾರೆ ಅನ್ನೋದು ಆ ಪದದಲ್ಲಿ ಕಾಣುವುದೇ ಇಲ್ಲ.

ಅಂತರರಾಷ್ಟ್ರೀಯ ಕಾನೂನಿನಲ್ಲಿ ಈ ಪದಕ್ಕೆ ಖಚಿತ ಅರ್ಥ ಇದೆ. 1951ರ ನಿರಾಶ್ರಿತರ ಒಪ್ಪಂದ ಮತ್ತು 1967ರ ಅದರ ಪೂರಕ ಒಪ್ಪಂದ ಹೇಳೋದು ಇಷ್ಟು: ಜನಾಂಗ, ಧರ್ಮ, ರಾಷ್ಟ್ರೀಯತೆ, ಒಂದು ಸಾಮಾಜಿಕ ಗುಂಪಿಗೆ ಸೇರಿರುವುದು, ರಾಜಕೀಯ ಅಭಿಪ್ರಾಯ, ಈ ಐದರಲ್ಲಿ ಒಂದರ ಕಾರಣಕ್ಕೆ ಸ್ವಂತ ದೇಶದಲ್ಲಿ ಕಿರುಕುಳವಾಗುತ್ತದೆ ಅನ್ನೋ ಆಧಾರವಿರುವ ಭಯ ಇದ್ದು, ಅಲ್ಲಿಂದ ಹೊರಗೆ ಬಂದಿರಬೇಕು. ಬಡತನ ಈ ಪಟ್ಟಿಯಲ್ಲಿಲ್ಲ. ಬರಗಾಲವೂ ಇಲ್ಲ. ಬೋರ್‌ವೆಲ್ ಬತ್ತಿಹೋಗಿ ಊರು ಬಿಟ್ಟವನು ಈ ಲೆಕ್ಕಕ್ಕೆ ಬರಲ್ಲ. ಆಶ್ರಯ ಕೋರಿದವರು ಅಂದರೆ, ನನಗೆ ಈ ಭಯ ಇದೆ ಅಂತ ಅರ್ಜಿ ಹಾಕಿ ತೀರ್ಮಾನಕ್ಕೆ ಕಾಯುತ್ತಿರುವವರು. ಅರ್ಜಿ ಒಪ್ಪಿದರೆ ನಿರಾಶ್ರಿತ, ತಿರಸ್ಕರಿಸಿದರೆ ಗಡೀಪಾರಿನ ಸಾಲಿನಲ್ಲಿರುವ ವಿದೇಶಿ. ಮನುಷ್ಯ ಅವನೇ, ಬದಲಾಗೋದು ಕಾಗದ. ಆ ಒಪ್ಪಂದದ 33ನೇ ವಿಧಿಯೇ ಇಡೀ ವಿಷಯದ ಬೇರು: ಜೀವಕ್ಕೋ ಸ್ವಾತಂತ್ರ್ಯಕ್ಕೋ ಅಪಾಯ ಇರುವ ಜಾಗಕ್ಕೆ ಅವರನ್ನು ವಾಪಸ್ ತಳ್ಳುವ ಹಾಗಿಲ್ಲ.

ಎಲ್ಲರೂ ಶ್ರೀಮಂತ ದೇಶಕ್ಕೇ ಓಡುತ್ತಾರೆ ಅನ್ನೋ ಮಾತು ಗೆಳೆಯನ ಬಾಯಲ್ಲೂ ಬಂತು. ಅದು ಸುಳ್ಳು. 2024ರ ಕೊನೆಗೆ ಜಗತ್ತಿನಲ್ಲಿ ಬಲವಂತವಾಗಿ ಮನೆ ಬಿಟ್ಟವರು 12.32 ಕೋಟಿ ಅಂತ ವಿಶ್ವಸಂಸ್ಥೆಯ ನಿರಾಶ್ರಿತರ ಸಂಸ್ಥೆ ಹೇಳಿದೆ. ಬಹಳಷ್ಟು ಜನ ತಮ್ಮ ದೇಶದೊಳಗೇ ಬೇರೆ ಕಡೆ ಇದ್ದಾರೆ. ಗಡಿ ದಾಟಿದವರಲ್ಲೂ ಶೇ 73ರಷ್ಟು ಮಂದಿ ಇರುವುದು ಬಡ ಮತ್ತು ಮಧ್ಯಮ ಆದಾಯದ ದೇಶಗಳಲ್ಲಿ.

ಈಗ ಬಡತನದ ಮಾತಿಗೆ ಬರೋಣ. ಗಡೀಪಾರಿನ ವ್ಯಾನು ಎಲ್ಲರಿಗೂ ಕಾಣುತ್ತದೆ, ಅದಕ್ಕೆ ಮೊದಲು ವರ್ಷಗಟ್ಟಲೆ ನಡೆಯುವ ಹಸಿವು ಕಾಣಲ್ಲ.

ಬ್ರಿಟನ್ನನ್ನೇ ತಗೊಳ್ಳಿ. ಅರ್ಜಿ ಹಾಕಿದವರು ಕೆಲಸ ಮಾಡುವಂತಿಲ್ಲ. ತಮ್ಮದಲ್ಲದ ತಪ್ಪಿಗೆ 12 ತಿಂಗಳು ತಡವಾದರೆ ಅನುಮತಿ ಕೇಳಬಹುದು, ಸಿಕ್ಕರೂ ಸರ್ಕಾರದ ಪಟ್ಟಿಯಲ್ಲಿರುವ ಕೆಲವೇ ಕೆಲಸ. ಇರೋಕೆ ಎಲ್ಲೋ ಒಂದು ಕೋಣೆ ಕೊಡುತ್ತಾರೆ, ಯಾವ ಊರು ಅಂತ ಆರಿಸುವ ಹಾಗಿಲ್ಲ. ಅಡುಗೆ ಮಾಡಿಕೊಳ್ಳುವವರಿಗೆ 2024ರಲ್ಲಿ ನಿಗದಿಯಾದ ದುಡ್ಡು ತಲೆಗೆ ವಾರಕ್ಕೆ 49.18 ಪೌಂಡ್, ಅಂದರೆ ದಿನಕ್ಕೆ 7 ಪೌಂಡ್. ರೂಪಾಯಿಗೆ ಬದಲಿಸಿ ನೋಡಿ ಪರವಾಗಿಲ್ವಲ್ಲ ಅಂದುಕೊಳ್ಳಬೇಡಿ. ಊಟ, ಬಟ್ಟೆ, ಬಸ್ಸು, ಮೊಬೈಲ್ ರೀಚಾರ್ಜ್ ಎಲ್ಲವೂ ಅದರಲ್ಲೇ, ಅಲ್ಲಿಯ ಬೆಲೆಗೆ. ಅರ್ಜಿ ತಿರಸ್ಕಾರವಾದರೆ ಬಹುತೇಕ ಒಂಟಿ ಜನರಿಗೆ ಅದೂ ನಿಲ್ಲುತ್ತದೆ. ತಮಾಷೆ ಅಂದರೆ, ಗೆದ್ದರೂ ಕಷ್ಟ. ಆಶ್ರಯ ಸಿಕ್ಕ ಮೇಲೆ ಸರ್ಕಾರಿ ಕೋಣೆ ಖಾಲಿ ಮಾಡಲು ಬಹುಕಾಲ ಇದ್ದ ಗಡುವು 28 ದಿನ. ಅಷ್ಟರಲ್ಲಿ ಕೆಲಸ, ಬ್ಯಾಂಕ್ ಖಾತೆ, ಬಾಡಿಗೆ ಮನೆ ಎಲ್ಲಾ ಹುಡುಕಬೇಕು. ಮೈಸೂರಿನಲ್ಲಿ ಹುಟ್ಟಿ ಬೆಳೆದವರಿಗೇ 28 ದಿನದಲ್ಲಿ ಸರಿಯಾದ ಬಾಡಿಗೆ ಮನೆ ಸಿಗಲ್ಲ.

ಹಾಗಾಗಿ ಅಕ್ಕಿ ಬೇಳೆ ಕೊಡೋದು ದಾನ, ಕೋರ್ಟು ಕಾಗದ ಮಾತ್ರ ಹೋರಾಟ ಅನ್ನೋ ವಿಂಗಡಣೆ ಈ ವಿಷಯದಲ್ಲಿ ನಡೆಯಲ್ಲ. ಹೊಟ್ಟೆಗಿಲ್ಲದವನು ಬಸ್ಸಿಗೆ ದುಡ್ಡಿಲ್ಲದೆ ವಕೀಲರ ಹತ್ತಿರ ಹೋಗಲಾರ, ಫೋನಿಗೆ ರೀಚಾರ್ಜ್ ಇಲ್ಲದೆ ವಿಚಾರಣೆಯ ದಿನಾಂಕ ತಪ್ಪಿಸಿಕೊಳ್ಳುತ್ತಾನೆ, ಆಮೇಲೆ ಫೈಲಿನಲ್ಲಿ "ಹಾಜರಾಗಲಿಲ್ಲ" ಅಂತ ಬೀಳುತ್ತದೆ. ಗ್ಲಾಸ್ಗೋದಂಥ ಊರುಗಳಲ್ಲಿ ಸ್ವಯಂಸೇವಕರು ಮಾಡುವ ಒಂದು ಕೆಲಸ ನನಗೆ ಬಹಳ ಇಷ್ಟ. ಅರ್ಜಿದಾರರು ಆಗಾಗ ವಲಸೆ ಕಚೇರಿಗೆ ಹೋಗಿ ಸಹಿ ಹಾಕಬೇಕು, ಕೆಲವು ಸಲ ಹಾಗೆ ಹೋದವರನ್ನು ಅಲ್ಲೇ ಹಿಡಿದು ಒಳಗೆ ಹಾಕುತ್ತಾರೆ. ಅದಕ್ಕೆ ಒಳಗೆ ಹೋಗುವವರು ಹೊರಗಿರುವ ಸ್ವಯಂಸೇವಕರಿಗೆ ಹೆಸರು, ವಕೀಲರ ನಂಬರು ಬರೆಸಿ ಹೋಗುತ್ತಾರೆ. ಇಷ್ಟು ಹೊತ್ತಿಗೆ ಹೊರಗೆ ಬರಲಿಲ್ಲ ಅಂದರೆ ಆ ನಂಬರಿಗೆ ಫೋನ್ ಹೋಗುತ್ತದೆ. ಅಷ್ಟೇ. ಒಂದು ನೋಟ್‌ಬುಕ್ಕು, ಒಂದು ಪೆನ್ನು, ಚಳಿಯಲ್ಲಿ ನಿಲ್ಲುವ ಒಬ್ಬ ಮನುಷ್ಯ. ಇದನ್ನು ಯಾರೂ ವಿಡಿಯೋ ಮಾಡಲ್ಲ.

ಕೆನ್‌ಮ್ಯೂರ್ ಸ್ಟ್ರೀಟ್ ಕೂಡ ಆಕಾಶದಿಂದ ಉದುರಿದ್ದಲ್ಲ. ಅದೇ ನಗರದಲ್ಲಿ 2005ರಲ್ಲಿ ಡ್ರಮ್‌ಚಾಪೆಲ್ ಹೈಸ್ಕೂಲಿನ ಹುಡುಗಿಯರು, ತಮ್ಮ ಕ್ಲಾಸಿನ ಗೆಳತಿಯ ಕುಟುಂಬವನ್ನು ಬೆಳಗಿನ ಜಾವ ಹಿಡಿದುಕೊಂಡು ಹೋದಾಗ, ಸಹಿ ಸಂಗ್ರಹಿಸಿ ಸ್ಕಾಟ್ಲೆಂಡಿನ ಸಂಸತ್ತಿನವರೆಗೆ ಹೋಗಿದ್ದರು. ಹದಿನೈದು ವರ್ಷ ಹೀಗೆ ಅಭ್ಯಾಸವಾದ ಊರಿಗೆ, ಬೆಳಿಗ್ಗೆ ವ್ಯಾನು ಬಂತು ಅಂದಾಗ ಯಾರಿಗೆ ಮೆಸೇಜ್ ಹಾಕಬೇಕು ಅಂತ ಗೊತ್ತಿತ್ತು.

ಇಡೀ ಕೆಲಸ ಹೇಗೆ ನಡೆಯುತ್ತದೆ ಅಂತ ಮೊದಲಿಂದ ಕೊನೆಯವರೆಗೆ ನೋಡಬೇಕು ಅಂದರೆ ಆಸ್ಟ್ರೇಲಿಯಾದ ಬಿಲೋಯೆಲಾ ಕಥೆ ಓದಬೇಕು. ಕ್ವೀನ್ಸ್‌ಲ್ಯಾಂಡಿನ ಒಳನಾಡಿನ ಊರು. ಆರು ಸಾವಿರ ಜನವೂ ಇಲ್ಲ, ನಮ್ಮ ಕಡೆಯ ಒಂದು ದೊಡ್ಡ ಹೋಬಳಿ ಊರು ಅನ್ನಿ. ಮಾಂಸದ ಕಾರ್ಖಾನೆ, ಕಲ್ಲಿದ್ದಲು ಗಣಿ. ಶ್ರೀಲಂಕಾದಿಂದ 2012 ಮತ್ತು 2013ರಲ್ಲಿ ಬೇರೆ ಬೇರೆಯಾಗಿ ದೋಣಿಯಲ್ಲಿ ಬಂದ ಇಬ್ಬರು ತಮಿಳರು ಆ ದೇಶದಲ್ಲೇ ಮದುವೆಯಾಗಿ ಅಲ್ಲಿ ನೆಲೆಸಿದರು. ಗಂಡ ಆ ಕಾರ್ಖಾನೆಯಲ್ಲೇ ಕೆಲಸಕ್ಕಿದ್ದ. ಎರಡು ಹೆಣ್ಣುಮಕ್ಕಳು ಅಲ್ಲೇ ಹುಟ್ಟಿದರು. ಹುಟ್ಟಿದ ಮಾತ್ರಕ್ಕೆ ಅಲ್ಲಿ ಪೌರತ್ವ ಸಿಗಲ್ಲ.

2018ರ ಮಾರ್ಚ್‌ನಲ್ಲಿ, ತಾತ್ಕಾಲಿಕ ವೀಸಾ ಮುಗಿದ ಮಾರನೇ ದಿನವೇ, ಬೆಳಗಿನ ಐದು ಗಂಟೆಗೆ ಬಾಗಿಲು ಬಡಿದರು. ಬಟ್ಟೆ ತುಂಬಿಕೊಳ್ಳಲು ಕೆಲವೇ ನಿಮಿಷ. ಕುಟುಂಬ ದೂರದ ಮೆಲ್ಬರ್ನ್‌ನ ಬಂಧನ ಕೇಂದ್ರಕ್ಕೆ ಹೋಯಿತು. ಊರಿನ ಕೆಲವು ಹೆಂಗಸರು ಸೇರಿ ಅವರನ್ನು ವಾಪಸ್ ಕರೆತರಬೇಕು ಅಂತ ಹೊರಟರು. ಗಮನಿಸಿ, ಅದು ಕ್ರಾಂತಿಕಾರಿಗಳ ಊರಲ್ಲ. ಬಲಪಂಥೀಯ ಪಕ್ಷವನ್ನೇ ಗೆಲ್ಲಿಸುತ್ತಿದ್ದ ಕ್ಷೇತ್ರ, ವಲಸೆ ವಿಷಯದಲ್ಲಿ ಕಟ್ಟುನಿಟ್ಟಿನ ಮಾತು ಆಡುತ್ತಿದ್ದ ಸರ್ಕಾರಕ್ಕೇ ವೋಟು ಹಾಕಿದ್ದ ಜನ. ಅವರು ನಿರಾಶ್ರಿತರ ಹಕ್ಕು ಅಂತ ಭಾಷಣ ಶುರು ಮಾಡಲಿಲ್ಲ. ನಮ್ಮೂರಿನವರನ್ನು ನಮ್ಮೂರಿಗೆ ಕಳಿಸಿ ಅಂದರು, ಅದೇ ಒಂದು ಮಾತನ್ನು ನಾಲ್ಕು ವರ್ಷ ಬಿಡದೆ ಹೇಳಿದರು.

2019ರ ಆಗಸ್ಟ್‌ನಲ್ಲಿ ಕುಟುಂಬವನ್ನು ರಾತ್ರಿ ವಿಮಾನ ಹತ್ತಿಸಿದರು. ವಿಮಾನ ಗಾಳಿಯಲ್ಲಿರುವಾಗಲೇ ವಕೀಲರು ನ್ಯಾಯಾಧೀಶರಿಂದ ಫೋನಿನಲ್ಲೇ ತಡೆಯಾಜ್ಞೆ ತಂದರು, ವಿಮಾನ ಡಾರ್ವಿನ್‌ನಲ್ಲಿ ಇಳಿಯಿತು. ಕಾನೂನಿನ ಎಳೆ ತುಂಬಾ ಸಣ್ಣದು: ಕಿರಿ ಮಗಳ ಪರವಾಗಿ ಆಶ್ರಯದ ವಿಷಯವನ್ನು ಸರಿಯಾಗಿ ಪರಿಶೀಲಿಸಿಯೇ ಇಲ್ಲ ಅನ್ನೋದು. ಅಪ್ಪ ಅಮ್ಮನ ಕೇಸು ಎಲ್ಲಾ ಕೋರ್ಟುಗಳಲ್ಲೂ ಸೋತಿತ್ತು. ಎರಡು ವರ್ಷದ ಮಗುವಿನ ಆ ಒಂದು ಎಳೆ ಹಿಡಿದುಕೊಂಡು ನಾಲ್ವರೂ ಉಳಿದರು. ಆಮೇಲೆ ಅವರನ್ನು ಆಸ್ಟ್ರೇಲಿಯಾಕ್ಕೇ ಸೇರಿದ, ದೂರದ ಕ್ರಿಸ್‌ಮಸ್ ದ್ವೀಪದ ಬಂಧನ ಕೇಂದ್ರಕ್ಕೆ ಹಾಕಿದರು. 2021ರಲ್ಲಿ ಆ ಮಗುವಿಗೆ ಕಾಯಿಲೆ ಜೋರಾಗಿ ಪರ್ತ್ ಆಸ್ಪತ್ರೆಗೆ ಹಾರಿಸಿಕೊಂಡು ಹೋಗಬೇಕಾಯಿತು, ಇಡೀ ದೇಶ ನೋಡಿತು. 2022ರ ಮೇ ಚುನಾವಣೆಯಲ್ಲಿ ಸರ್ಕಾರ ಬದಲಾಯಿತು, ಜೂನ್‌ನಲ್ಲಿ ಕುಟುಂಬ ಬಿಲೋಯೆಲಾಗೆ ಮರಳಿತು, ಆಗಸ್ಟ್‌ನಲ್ಲಿ ಶಾಶ್ವತ ವೀಸಾ ಬಂತು.

ಕಾನೂನಿನ ಎಳೆ ಬೇಕು, ಎಳೆ ಹುಡುಕುವ ವಕೀಲರಿಗೆ ದುಡ್ಡು ಬೇಕು, ಮಂತ್ರಿಗೆ ಮನಸ್ಸು ಬದಲಿಸುವುದು ಲಾಭ ಅನ್ನಿಸುವಷ್ಟು ಗದ್ದಲ ಬೇಕು. ಎಲ್ಲಕ್ಕಿಂತ ಜಾಸ್ತಿ ಬೇಕಾದ್ದು ಸಮಯ. ಪ್ರಚಾರದಿಂದ ಸಿಗುವುದು ಆ ಸಮಯವೇ. ಗುರುತಿಲ್ಲದ ಮನುಷ್ಯನನ್ನು ಬೆಳಿಗ್ಗೆ ಐದಕ್ಕೆ ಎತ್ತಿಕೊಂಡು ಹೋಗುವುದು ಸುಲಭ. ಊರಿಗೆ ಹೆಸರು ಗೊತ್ತಿರುವವನ ವಿಷಯದಲ್ಲಿ ಯಾರಾದರೂ ಫೋನ್ ಎತ್ತುತ್ತಾರೆ.

ಇದರಲ್ಲಿ ನನಗೆ ಕಿರಿಕಿರಿ ಮಾಡುವ ಸಂಗತಿಯೂ ಇದೆ. ಮುದ್ದಾದ ಮಕ್ಕಳಿರುವ, ಅಕ್ಕಪಕ್ಕದವರ ಜೊತೆ ಚೆನ್ನಾಗಿರುವ ಕುಟುಂಬಕ್ಕೆ ಜನ ಸೇರುತ್ತಾರೆ. ಒಂಟಿ ಗಂಡಸು, ಸಿಟ್ಟಿನ ಸ್ವಭಾವದವನು, ಭಾಷೆ ಬರದವನು, ಅವನಿಗೆ ಯಾರು ಸಹಿ ಹಾಕುತ್ತಾರೆ? ಭಯ ಅವನಿಗೂ ಅಷ್ಟೇ ನಿಜ ಇರಬಹುದು. ಜನ ಸೇರಿದರೂ ಸೋಲುವುದುಂಟು. ಸಿಂಹಳೀಯನಾಗಿದ್ದೂ ತಮಿಳರ ಹೋರಾಟದ ಪರ ನಿಂತಿದ್ದ ವಿರಾಜ್ ಮೆಂಡಿಸ್, 1986ರ ಡಿಸೆಂಬರ್‌ನಿಂದ ಎರಡು ವರ್ಷ ಮ್ಯಾಂಚೆಸ್ಟರಿನ ಒಂದು ಚರ್ಚಿನೊಳಗೆ ಆಶ್ರಯ ಪಡೆದಿದ್ದರು, ಹೊರಗೆ ದೊಡ್ಡ ಬೆಂಬಲ ಇತ್ತು. 1989ರ ಜನವರಿಯಲ್ಲಿ ಪೊಲೀಸರು ಚರ್ಚಿಗೇ ನುಗ್ಗಿ ಕರೆದೊಯ್ದರು, ಕೆಲವೇ ದಿನದಲ್ಲಿ ಶ್ರೀಲಂಕಾಕ್ಕೆ ಕಳಿಸಿದರು.

"ಅದೆಲ್ಲಾ ಅಲ್ಲೀದು, ನಮ್ಮಲ್ಲಿ?" ಅಂದ ಗೆಳೆಯ.

ನಮ್ಮಲ್ಲಿ ವಿಷಯ ಇನ್ನೂ ಮಜವಾಗಿದೆ. ಭಾರತ 1951ರ ಒಪ್ಪಂದಕ್ಕೂ ಸಹಿ ಹಾಕಿಲ್ಲ, 1967ರದ್ದಕ್ಕೂ ಇಲ್ಲ. ನಿರಾಶ್ರಿತರಿಗೆ ಅಂತ ಪ್ರತ್ಯೇಕ ಕಾನೂನು ಇಲ್ಲ. 1946ರ ವಿದೇಶಿಯರ ಕಾಯ್ದೆಯಲ್ಲಿ ಇದ್ದದ್ದು ಒಂದೇ ಪದ, ವಿದೇಶಿ, ಅಂದರೆ ಭಾರತದ ಪ್ರಜೆಯಲ್ಲದವನು. 2025ರ ಸೆಪ್ಟೆಂಬರ್ 1ರಿಂದ ಅದರ ಜಾಗಕ್ಕೆ ವಲಸೆ ಮತ್ತು ವಿದೇಶಿಯರ ಕಾಯ್ದೆ ಬಂದಿದೆ, ಅದರಲ್ಲೂ ನಿರಾಶ್ರಿತ ಅನ್ನುವ ವರ್ಗ ಇಲ್ಲ. ಮೈಸೂರಿನ ಲೆಕ್ಕದಲ್ಲಿ ಹೇಳುವುದಾದರೆ, ಗೋಕುಲಂನಲ್ಲಿ ಯೋಗ ಕಲಿಯಲು ಬಂದು ಎಳನೀರು ಕುಡಿಯುತ್ತಾ ಕೂತಿರುವ ಜರ್ಮನಿಯವಳು, ಬೈಲಕುಪ್ಪೆಯ ಟಿಬೆಟನ್ ಅಜ್ಜಿ, ವಿಶ್ವವಿದ್ಯಾಲಯದಲ್ಲಿ ಓದುವ ಅಫ್ಘಾನ್ ಹುಡುಗ, ಮೂವರೂ ಒಂದೇ ಕಾಲಂ. ವ್ಯತ್ಯಾಸ ಮಾಡುವುದೆಲ್ಲ ಸರ್ಕಾರದ ಆದೇಶಗಳು, ಅವು ಗುಂಪಿಗೊಂದು ಥರ. ಹೊಸ ಕಾಯ್ದೆಯ ಜೊತೆ ಬಂದ ವಿನಾಯಿತಿ ಆದೇಶದಲ್ಲಿ ಟಿಬೆಟನ್ನರು ಇದ್ದಾರೆ, ನೋಂದಣಿಯಾದ ಶ್ರೀಲಂಕಾ ತಮಿಳರು ಇದ್ದಾರೆ, ಅಫ್ಘಾನಿಸ್ತಾನ, ಬಾಂಗ್ಲಾದೇಶ, ಪಾಕಿಸ್ತಾನದ ಆರು ಅಲ್ಪಸಂಖ್ಯಾತ ಧರ್ಮದವರು ಇದ್ದಾರೆ. ಮ್ಯಾನ್ಮಾರ್‌ನಿಂದ ಓಡಿ ಬಂದ ರೋಹಿಂಗ್ಯಾಗಳು ಇಲ್ಲ, ಅಫ್ಘಾನ್ ಮುಸ್ಲಿಮರು ಇಲ್ಲ. ಅವರಿಗೆ ವಿಶ್ವಸಂಸ್ಥೆಯ ನಿರಾಶ್ರಿತರ ಸಂಸ್ಥೆ ತನ್ನ ಕಾರ್ಡ್ ಕೊಡುತ್ತದೆ, ಆದರೆ ಆ ಕಾರ್ಡ್ ತೋರಿಸಿದರೆ ಆಧಾರ್ ಸಿಗುವುದು ಕಷ್ಟ, ಆಧಾರ್ ಇಲ್ಲದೆ ಬ್ಯಾಂಕು, ಸಿಮ್ಮು, ಬಾಡಿಗೆ ಮನೆ ಎಲ್ಲವೂ ಕಷ್ಟ.

ಸರ್ಕಾರಕ್ಕೆ ಮನಸ್ಸಿದ್ದರೆ ಏನಾಗುತ್ತದೆ ಅಂತ ನೋಡೋಕೆ ನಮ್ಮ ಜಿಲ್ಲೆ ದಾಟಬೇಕಾಗಿಲ್ಲ. 1959ರಲ್ಲಿ ದಲೈ ಲಾಮಾ ಭಾರತಕ್ಕೆ ಬಂದ ಮೇಲೆ ಹಿಂದೆಯೇ ಬಂದ ಸಾವಿರಾರು ಟಿಬೆಟನ್ನರು ಹಿಮಾಲಯದ ಕಡೆ ರಸ್ತೆ ಕೂಲಿ ಮಾಡುತ್ತಿದ್ದರು. 1960ರಲ್ಲಿ ಆಗಿನ ಮೈಸೂರು ರಾಜ್ಯ ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯಲ್ಲಿ ಸುಮಾರು 3,000 ಎಕರೆ ಕೊಟ್ಟಿತು. ಆನೆ ಓಡಾಡುವ ಕಾಡು, ಚಳಿ ದೇಶದವರಿಗೆ ಈ ಸೆಕೆ. ಕಾಡು ಕಡಿದು ಮುಸುಕಿನ ಜೋಳ ಬೆಳೆದರು, ಸಹಕಾರ ಸಂಘ ಕಟ್ಟಿದರು. ಇವತ್ತು ನಾವು ಭಾನುವಾರ ಚಿನ್ನದ ಬುದ್ಧನ ಮುಂದೆ ಫೋಟೋ ತೆಗೆದು ಮೊಮೊ ತಿಂದು ಬರುತ್ತೇವಲ್ಲ, ಅದೇ ಜಾಗ. ಕೆಲಸ ಮಾಡಲು ಬಿಟ್ಟರು, ಜಮೀನು ಕೊಟ್ಟರು, ಬಡತನ ತಾನಾಗಿ ಕರಗಿತು. ಬ್ರಿಟನ್‌ನ ವಾರದ 49 ಪೌಂಡ್‌ಗೂ ಇದಕ್ಕೂ ಇರುವ ವ್ಯತ್ಯಾಸ ಅದೇ. ಹಾಗಂತ ಎಲ್ಲಾ ಸರಿಯಾಗಿದೆ ಅಂತಲ್ಲ. ಅಲ್ಲೇ ಹುಟ್ಟಿ, ಕನ್ನಡ ಮಾತಾಡಿ, ಚಳಿಗಾಲಕ್ಕೆ ಊರೂರು ಸ್ವೆಟರ್ ಮಾರುವವರ ಕೈಯಲ್ಲಿ ಇವತ್ತೂ ಇರುವುದು ವಿದೇಶಿಯರ ನೋಂದಣಿ ಪತ್ರವೇ, ಎಲ್ಲರ ಬಾಯಲ್ಲಿ ಆರ್‌ಸಿ. 1950ರ ಜನವರಿ 26ರಿಂದ 1987ರ ಜುಲೈ 1ರೊಳಗೆ ಇಲ್ಲಿ ಹುಟ್ಟಿದವರು ಕಾನೂನಿನ ಪ್ರಕಾರ ಪ್ರಜೆಗಳೇ, ಅದು ಟಿಬೆಟನ್ನರಿಗೂ ಅನ್ವಯ ಅಂತ ದೆಹಲಿ ಹೈಕೋರ್ಟ್ 2010ರಲ್ಲಿ ಹೇಳಬೇಕಾಯಿತು.

ಇನ್ನೊಂದು ಉದಾಹರಣೆ ಇನ್ನೂ ಹತ್ತಿರದ್ದು. 2021ರ ಆಗಸ್ಟ್ 15ರಂದು ಕಾಬೂಲ್ ತಾಲಿಬಾನ್ ಕೈಗೆ ಹೋಯಿತು. ಅವತ್ತು ಮೈಸೂರು ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ ಅಫ್ಘಾನ್ ವಿದ್ಯಾರ್ಥಿಗಳು ಬೆಳಿಗ್ಗೆ ಏಳುವಾಗ ಮಾಮೂಲಿ ವಿದ್ಯಾರ್ಥಿಗಳು, ರಾತ್ರಿ ಮಲಗುವಾಗ ವಾಪಸ್ ಹೋಗಲಾಗದವರು. ಬರುವಾಗ ನಿರಾಶ್ರಿತನಲ್ಲದವನು ಇದ್ದ ಜಾಗದಲ್ಲೇ ನಿರಾಶ್ರಿತನಾಗಬಹುದು, ಇದನ್ನು ಅಂತರರಾಷ್ಟ್ರೀಯ ಕಾನೂನೂ ಒಪ್ಪುತ್ತದೆ. ಆದರೆ ವೀಸಾದ ಮೇಲೆ ಬರೆದಿರುವುದು ವಿದ್ಯಾರ್ಥಿ ಅಂತ. ಕೋರ್ಸು ಮುಗಿದರೆ ವೀಸಾ ಮುಗಿಯುತ್ತದೆ, ಊರಿಂದ ದುಡ್ಡು ಬರುವುದು ನಿಂತಿದೆ, ಆ ವೀಸಾದಲ್ಲಿ ಕೆಲಸ ಮಾಡುವಂತಿಲ್ಲ. ಕೋವಿಡ್ ಸಮಯದಲ್ಲಿ ಊರಿಗೆ ಹೋಗಿದ್ದವರ ಪಾಡು ಬೇರೆ: ಆ ತಿಂಗಳೇ ಭಾರತ, ದೇಶದ ಹೊರಗಿದ್ದ ಅಫ್ಘಾನರ ಹಳೆಯ ವೀಸಾಗಳನ್ನೆಲ್ಲ ರದ್ದು ಮಾಡಿ, ಹೊಸದಾಗಿ ತುರ್ತು ಇ-ವೀಸಾಗೆ ಅರ್ಜಿ ಹಾಕಿ ಅಂದಿತು.

ಕಾನೂನಿಲ್ಲದ ಮೇಲೆ ಹೋರಾಡಲು ಏನಿದೆ ಅಂದರೆ, ಸಂವಿಧಾನದ 21ನೇ ವಿಧಿ ಇದೆ. ಅದರಲ್ಲಿ ಪ್ರಜೆ ಅಂತಿಲ್ಲ, ವ್ಯಕ್ತಿ ಅಂತಿದೆ. 1996ರಲ್ಲಿ, ಪೂರ್ವ ಪಾಕಿಸ್ತಾನದಿಂದ ಬಂದು ಅರುಣಾಚಲದಲ್ಲಿ ನೆಲೆಸಿದ್ದ ಚಕ್ಮಾ ಜನರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದೇ ಆಧಾರದ ಮೇಲೆ, ಪ್ರಜೆಯೋ ಅಲ್ಲವೋ, ಜೀವ ಕಾಪಾಡುವುದು ರಾಜ್ಯದ ಹೊಣೆ ಅಂದಿತು. 1998ರಲ್ಲಿ ಗುಜರಾತ್ ಹೈಕೋರ್ಟ್ ಇಬ್ಬರು ಇರಾಕಿಗಳ ಪ್ರಕರಣದಲ್ಲಿ ಅಪಾಯವಿರುವಲ್ಲಿಗೆ ವಾಪಸ್ ತಳ್ಳಬಾರದು ಅನ್ನೋ ತತ್ವವನ್ನೂ 21ರೊಳಗೆ ಓದಿತು. ಆದರೆ 2021ರ ಏಪ್ರಿಲ್‌ನಲ್ಲಿ ಜಮ್ಮುವಿನ ರೋಹಿಂಗ್ಯಾಗಳ ವಿಷಯ ಬಂದಾಗ ಸುಪ್ರೀಂ ಕೋರ್ಟ್ ಗಡೀಪಾರಿಗೆ ತಡೆ ಕೊಡಲಿಲ್ಲ, ನಿಯಮದ ಪ್ರಕಾರ ಮಾಡಿ ಅಂದಿತು ಅಷ್ಟೇ. ಇಲ್ಲಿ ವಾಸಿಸುವ ಹಕ್ಕು ಪ್ರಜೆಗಳಿಗೆ ಮಾತ್ರ ಅಂತಲೂ ಹೇಳಿತು. ಹಾಗಾಗಿ ಬಾಗಿಲು ಮುಚ್ಚಿಲ್ಲ, ಪೂರ್ತಿ ತೆರೆದೂ ಇಲ್ಲ.

ಮೈಸೂರಲ್ಲೋ ಮಂಡ್ಯದಲ್ಲೋ ಪಕ್ಕದ ಮನೆಯಲ್ಲಿ ಇಂಥವರಿದ್ದರೆ ಮಾಡಬಹುದಾದ್ದು ಬೀದಿಗಿಂತ ಕಚೇರಿಯಲ್ಲೇ ಜಾಸ್ತಿ. ವೀಸಾ ಮುಗಿಯುವ ಮೊದಲೇ ವಿದೇಶಿಯರ ನೋಂದಣಿ ಕಚೇರಿಯ ಪೋರ್ಟಲ್‌ನಲ್ಲಿ ವಿಸ್ತರಣೆಗೆ ಅರ್ಜಿ ಹಾಕಿಸುವುದು, ಅದರ ಪ್ರಿಂಟ್ ತೆಗೆದಿಡುವುದು. ಇಲ್ಲಿ ಕಾವೇರಿಗೆ ಹೆದ್ದಾರಿ ತಡೆದು ಅಭ್ಯಾಸ ಇರುವ ನಮಗೆ ಇದು ಸಪ್ಪೆ ಅನ್ನಿಸಬಹುದು. ಆದರೆ ಮುಗಿದ ವೀಸಾ ಅಂದರೆ ಅಪರಾಧ, ಬಾಕಿ ಇರುವ ಅರ್ಜಿ ಅಂದರೆ ವಾದ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಉಚಿತ ವಕೀಲರು ಹೆಂಗಸರಿಗೆ, ಮಕ್ಕಳಿಗೆ, ಬಂಧನದಲ್ಲಿರುವವರಿಗೆ ಸಿಗುತ್ತಾರೆ, 1987ರ ಆ ಕಾಯ್ದೆ ಇವರು ಪ್ರಜೆಗಳೇ ಆಗಿರಬೇಕು ಅನ್ನಲ್ಲ. ಶಿಕ್ಷಣ ಹಕ್ಕು ಕಾಯ್ದೆಯೂ 6ರಿಂದ 14 ವರ್ಷದ ಪ್ರತಿ ಮಗು ಅನ್ನುತ್ತದೆ. ಇಷ್ಟು ಗೊತ್ತಿರುವ ಒಬ್ಬ ಕನ್ನಡದವನು ಸುಮ್ನೆ ಜೊತೆಗೆ ಹೋಗಿ ಕೌಂಟರ್ ಮುಂದೆ ನಿಂತರೂ ಮಾತಿನ ಧಾಟಿ ಬದಲಾಗುತ್ತದೆ, ನೋಡಿದ್ದೇನೆ.

ಮಾಡಬಾರದ್ದೂ ಇದೆ. ಅವರನ್ನು ಕೇಳದೆ ಫೋಟೋ ಹಾಕಬೇಡಿ. ಇಲ್ಲಿ ನೂರು ಲೈಕ್ ತರುವ ಮುಖವನ್ನು ಅವರ ಊರಿನಲ್ಲಿ ಯಾರು ನೋಡುತ್ತಾರೋ, ಅಲ್ಲಿರುವ ಅಪ್ಪ ಅಮ್ಮನಿಗೆ ಏನಾಗುತ್ತದೋ. ನಕಲಿ ಆಧಾರ್ ಮಾಡಿಸಿಕೊಡುವ ಏಜೆಂಟ್ ಹತ್ತಿರ ಕರೆದೊಯ್ಯಲೇಬೇಡಿ, ಒಂದು ಸುಳ್ಳು ಕಾಗದ ಸಿಕ್ಕರೆ ನಿಜವಾದ ಭಯವನ್ನೂ ಯಾರೂ ನಂಬಲ್ಲ. ವಿದೇಶಿಯರಿಗೆ ಮನೆ ಕೊಟ್ಟರೆ 24 ಗಂಟೆಯೊಳಗೆ ವಿದೇಶಿಯರ ನೋಂದಣಿ ಕಚೇರಿಗೆ ತಿಳಿಸಬೇಕು, ಎಲ್ಲರೂ ಸಿ ಫಾರಂ ಅನ್ನುತ್ತಾರಲ್ಲ, ಅದು. ಗೋಕುಲಂನಲ್ಲಿ ಮನೆ ಇರುವವರಿಗೆಲ್ಲ ಅದು ಬಾಯಿಪಾಠ. ಮುಚ್ಚಿಟ್ಟರೆ ನಿಮಗೂ ಕೇಸು, ಅವರಿಗೂ ಕೇಸು.

ಗೆಳೆಯ ಕೊನೆಗೆ, 2025ರ ಫೆಬ್ರುವರಿಯಲ್ಲಿ ಅಮೆರಿಕದ ಮಿಲಿಟರಿ ವಿಮಾನದಲ್ಲಿ ಕೈಗೆ ಕೋಳ ಹಾಕಿಸಿಕೊಂಡು ಅಮೃತಸರಕ್ಕೆ ಬಂದಿಳಿದ 104 ಮಂದಿ ನಮ್ಮವರ ಬಗ್ಗೆ ಕೇಳಿದ. ಅವರಿಗೆ ಅಲ್ಲಿ ಯಾರೂ ವ್ಯಾನಿನ ಕೆಳಗೆ ಮಲಗಲಿಲ್ಲವಾ ಅಂತ. ಅವರು ಯಾವ ಬೀದಿಯಲ್ಲೂ ಇನ್ನೂ ಮನೆ ಮಾಡಿಕೊಂಡಿರಲಿಲ್ಲ ಕಣಯ್ಯ, ಹೆಚ್ಚಿನವರು ಗಡಿ ದಾಟುತ್ತಲೇ ಸಿಕ್ಕಿಬಿದ್ದವರು ಅಂದೆ. ಸ್ವಲ್ಪ ಹೊತ್ತು ಮಾತಿಲ್ಲ.

ಮೂರು ದಿನ ಬಿಟ್ಟು ಮೆಸೇಜ್ ಬಂತು. ಮನೆ ಕೇಳಿಕೊಂಡು ಒಬ್ಬ ಪಿಎಚ್‌ಡಿ ಹುಡುಗ ಬಂದಿದ್ದಾನಂತೆ, ಫಾರಿನ್ನೋನು, ಆ ಸಿ ಫಾರಂ ಆನ್‌ಲೈನಲ್ಲೇ ತುಂಬಬಹುದಾ ಅಂತ. ತುಂಬಬಹುದು ಅಂದೆ. ಅಡ್ವಾನ್ಸ್ ಮಾತ್ರ ಹತ್ತು ತಿಂಗಳದ್ದೇ ಅಂತೆ, ಅದರಲ್ಲಿ ಒಂದು ರೂಪಾಯಿ ಬಿಡಲ್ಲ ಅನ್ನುತ್ತಿದ್ದಾನೆ.